ಸದರಿಯವರ ಮನೆ

ಹೊಳೆಬೂದಿಹಾಳ
ಫೆಬ್ರವರಿ 30, 2213

ಉಪನೋಂದಣಿ ಕಚೇರಿಯ ಎದುರು, ಹೊಂಗೆ ಮರದ ಕೆಳಗಿನ ಎರಡನೆಯ ಮೇಜಿನ ಪತ್ರ ಬರಹಗಾರರಾದ ಚನ್ನವೀರಪ್ಪ ಬಣಕಾರ ಅವರಿಗೆ ಶರಣು.

ತಾರೀಖು ನೋಡಿದ ಕೂಡಲೇ ಇದು ಯಾರದೋ ಕಿಡಿಗೇಡಿತನವೆಂದು ಈ ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಪ್ರತಿವರ್ಷವೂ ಮೂವತ್ತು ದಿನ. ಕಚೇರಿಗಳಲ್ಲಿ ಕಡತಗಳು ಆಳೆತ್ತರ ಬೆಳೆದಾಗ ಸರ್ಕಾರದವರು ಕೂತು ಯೋಚಿಸಿ, ಕೆಲಸದವರನ್ನು ಹೆಚ್ಚಿಸುವ ಬದಲು ದಿನಗಳನ್ನು ಹೆಚ್ಚಿಸಿದರು. ಹೀಗೆ ಸೇರಿಸಿದ ದಿನಗಳಿಗೆ ಬಾಕಿದಿನ ಎಂದು ಹೆಸರು. ಬಾಕಿದಿನದಂದು ಯಾರೂ ಹುಟ್ಟುವಂತಿಲ್ಲ, ಯಾರೂ ಸಾಯುವಂತಿಲ್ಲ, ಯಾರ ವಯಸ್ಸೂ ಏರುವುದಿಲ್ಲ. ಬಾಕಿ ಉಳಿದ ಕಡತ ಮಾತ್ರ ಮುಂದಕ್ಕೆ ಹೋಗಬೇಕು. ನಮ್ಮ ಓಣಿಯ ಮುದುಕನೊಬ್ಬ ತಿಳಿಯದೆ ಬಾಕಿದಿನದಂದೇ ತೀರಿಕೊಂಡು, ಅವನ ಮನೆಯವರು ಪಟ್ಟ ಪಾಡು ಒಂದು ಬೇರೆಯೇ ಕತೆ. ಕಡತ ಮುಂದಕ್ಕೆ ಹೋದದ್ದನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ಮಾತಿನ ವಿಷಯಕ್ಕೂ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮಗೂ ನನಗೂ ನಡುವೆ ನೂರ ಎಂಬತ್ತೇಳು ವರ್ಷಗಳಿವೆ. ನಾವು ಆಡುವ ಕನ್ನಡ ನಿಮ್ಮ ಕಿವಿಗೆ ಬಿದ್ದರೆ ಅರ್ಧ ತಿಳಿದೀತು, ಇನ್ನರ್ಧಕ್ಕೆ ನಗು ಬಂದೀತು. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ಎರಡು ಕಡೆಯಿಂದ: ನಮ್ಮಜ್ಜಿ ಹೇಳುತ್ತಿದ್ದ ಕತೆಗಳಿಂದ, ಮತ್ತು ನೀವೇ ಬರೆದ ಒಂದು ಕ್ರಯಪತ್ರದಿಂದ. ಆದ್ದರಿಂದ ಒಮ್ಮೆ ಹಳ್ಳಿಯ ಮುದುಕಿಯ ಹಾಗೆ, ಒಮ್ಮೆ ಕಚೇರಿಯ ಕಾಗದದ ಹಾಗೆ ಮಾತಾಡಿದರೆ ಬೇಸರಿಸಬೇಡಿ. ನಿಮಗೆ ಗೊತ್ತಿರದ ಹೆಸರು ಬಂದಲ್ಲಿ ಅದೇನೆಂದು ಹೇಳಿಯೇ ಮುಂದೆ ಹೋಗುತ್ತೇನೆ. ಹೇಳದೆ ಮುಂದೆ ಹೋದರೆ ಏನಾಗುತ್ತದೆ ಎಂಬುದೇ ಈ ಪತ್ರದ ವಿಷಯ.

ಪತ್ರ ನಿಮಗೆ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಸಾಯುವವರನ್ನು ಉಳಿಸಲೆಂದೋ, ಆಗಿಹೋದ ಮದುವೆಯನ್ನು ತಪ್ಪಿಸಲೆಂದೋ ಬರೆದರೆ ಕಿಟಕಿಯಲ್ಲೇ ಹಿಂದಿರುಗಿಸುತ್ತಾರೆ. ಬರಹದ ತಪ್ಪು ತಿದ್ದಿಸಲು ಮಾತ್ರ ಅನುಮತಿ. ಹಳೆಯ ವಿಳಾಸಗಳೆಲ್ಲ ಅಳಿದುಹೋಗಿರುವುದರಿಂದ ಆಸ್ತಿಯ ಕಾಗದಗಳಲ್ಲಿ ಹೆಸರು ಉಳಿದವರಿಗಷ್ಟೇ ಪತ್ರ ತಲುಪುತ್ತದೆ. ನಾನು ಬರೆಯಬೇಕೆಂದಿದ್ದದ್ದು ಮಾಳವ್ವ ಎಂಬ ಹೆಂಗಸಿಗೆ. ಅವಳ ಹೆಸರು ಎಲ್ಲಿಯೂ ಉಳಿದಿಲ್ಲ. ಕಾಗದದ ಕೊನೆಯಲ್ಲಿ ‘ಬಿಕಲಂ’ ಎಂದು ಹಾಕಿ, ಇದನ್ನು ಬರೆದವನು ನಾನು ಎಂದು ನೀವು ಕೂರಿಸುವ ನಿಮ್ಮ ಹೆಸರು ಮಾತ್ರ ಗಟ್ಟಿಯಾಗಿ ಉಳಿದಿದೆ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ. ಏಳು ತಲೆಮಾರಿನಿಂದ ನಮ್ಮದಾಗಿದ್ದ ಮನೆಯ ಬೀಗದ ಕೈಯನ್ನು ನಾಳೆ, ಮಾರ್ಚ್ ಒಂದರಂದು, ನಾನು ಇನ್ನೊಬ್ಬನ ಕೈಯಲ್ಲಿ ಇಡಬೇಕಾಗಿದೆ. ಅದು ನಿಮ್ಮ ಒಂದು ಪದದ ದೆಸೆಯಿಂದ.

ಮನೆ ಯಾವುದೆಂದು ಹೇಳಿದರೆ ನಿಮಗೆ ಗುರುತು ಸಿಕ್ಕೀತು. ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಾಗಿಲ ಮುಂದೆ ಎರಡು ಕಟ್ಟೆ ಇರುವ ಮನೆ. ನಿಮ್ಮ ಕಾಲದಲ್ಲಿ ಅದರ ಬೆನ್ನಿಗೆ ಹೊಳೆ ಹರಿಯುತ್ತಿತ್ತಂತೆ. ಈಗ ಹೊಳೆ ನೆಲದ ಮೇಲಿಲ್ಲ. ಬಿಸಿಲಿಗೆ ಆರಿಹೋಗುತ್ತದೆಂದು ಅದನ್ನು ಮಣ್ಣಿನ ಕೆಳಗಿನ ಕೊಳವೆಗೆ ಇಳಿಸಿದ್ದಾರೆ, ಒಳಹೊಳೆ ಎನ್ನುತ್ತೇವೆ. ಮಕ್ಕಳು ನೆಲಕ್ಕೆ ಕಿವಿ ಇಟ್ಟು ಅದರ ಸದ್ದು ಕೇಳಿ ಕುಣಿಯುತ್ತಾರೆ. ಬೀದಿಗಳ ಮೇಲೆ ಕುಂಬಳ, ಹೀರೆ ಬಳ್ಳಿಗಳ ಚಪ್ಪರ ಹಬ್ಬಿಸಿದ್ದೇವೆ, ಇಲ್ಲದಿದ್ದರೆ ಹಗಲು ಹೊರಗೆ ಕಾಲಿಡಲಾಗದು. ಕಚೇರಿಗಳು ಕೋಳಿ ಕೂಗುವಾಗ ತೆರೆದು ರೊಟ್ಟಿ ತಿನ್ನುವ ಹೊತ್ತಿಗೆ ಮುಚ್ಚುತ್ತವೆ. ಮನೆಗಳಿಗೆ ಉಸಿರುಗೋಡೆ. ಮಣ್ಣಿನಲ್ಲಿ ಒಂದು ಬಗೆಯ ಅಣಬೆಯ ಬೇರು ಬೆಳೆಸಿ ಕಟ್ಟಿದ ಗೋಡೆ ಅದು. ವಾರಕ್ಕೊಮ್ಮೆ ಗಂಜಿ ಕುಡಿಸಿದರೆ ತಂಪು ಉಸಿರು ಬಿಡುತ್ತದೆ. ನಮ್ಮದು ಮಾತ್ರ ಇಟ್ಟಿಗೆಯ ಮನೆ. ಕಚೇರಿಯ ಭಾಷೆಯಲ್ಲಿ ಅದು ‘ಸತ್ತ ಗೋಡೆ’. ಸತ್ತ ಗೋಡೆಯ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲವೆಂದು ಕಾಯಿದೆ ಬಂದಾಗ ನಮ್ಮಜ್ಜಿ ಇಟ್ಟಿಗೆಯ ಮೇಲೊಂದು ಉಸಿರುಗೋಡೆ ಹೊದಿಸಿದಳು, ಒಳಗಿನದನ್ನು ಬಿಡಲಿಲ್ಲ.

ಬಿಡದಿರಲು ಕಾರಣ ಮಾಳವ್ವನ ಕತೆ. ನಮ್ಮ ಮನೆಯಲ್ಲಿ ಹೆಣ್ಣುಮಗುವಿಗೆ ಮೊದಲು ಹೇಳುವ ಕತೆ ಅದೇ. ಮಾಳವ್ವ ಬಸ್ ನಿಲ್ದಾಣದ ಬಳಿ ಖಾನಾವಳಿ ಇಟ್ಟಿದ್ದವಳು, ಜೋಳದ ರೊಟ್ಟಿಯ ಕೈ. ಗಂಡ ನಿಂಗಪ್ಪ ಬೇಗ ಹೋದ. ಹುಟ್ಟಿದ ಮನೆ ಅಪ್ಪನ ಹೆಸರಿನಲ್ಲಿತ್ತು, ಹೊಕ್ಕ ಮನೆ ಮಾವನ ಹೆಸರಿನಲ್ಲಿತ್ತು, ಗಂಡ ಹೋದ ಮೇಲೆ ಇದ್ದ ಮನೆ ಮೈದುನನ ಹೆಸರಿನಲ್ಲಿತ್ತು. ಮೂರರಿಂದಲೂ ಅವಳನ್ನು ಎಬ್ಬಿಸಿದ್ದರು. ನಾಲ್ಕನೆಯದನ್ನು ಅವಳು ರೊಟ್ಟಿ ತಟ್ಟಿದ ಕೈಯಿಂದ ಕೊಂಡಳು. ಹಿಂದಿನ ಖೋಲಿ ತನಗೆ, ಮುಂದಿನ ಭಾಗ ಬಾಡಿಗೆಗೆ. ಈ ಮನೆಯಿಂದ ನನ್ನನ್ನು ಯಾರೂ ಎಬ್ಬಿಸಬಾರದು, ನನ್ನ ಮಗಳನ್ನೂ ಎಬ್ಬಿಸಬಾರದು ಎಂಬುದು ಅವಳ ಒಂದೇ ಹಟ. ಅಕ್ಷರ ಬಾರದು, ಎಣಿಕೆ ಬರುತ್ತಿತ್ತು. ನಿಮ್ಮ ಮೇಜಿನ ಮುಂದೆ ಕೂತು, ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿರೆಂದು ಕೇಳಿದಳು. ಸೆರಗಿನಲ್ಲಿ ಒಂದು ಹಿಡಿ ಜೋಳ ಕಟ್ಟಿಕೊಂಡು ಬಂದಿದ್ದಳು. ನೀವು ಓದುತ್ತಾ ಹೋದಂತೆ, ತನ್ನ ಹೆಸರು ಕೇಳಿದಾಗಲೆಲ್ಲ ಒಂದು ಕಾಳು ತೆಗೆದು ಮೇಜಿನ ಮೇಲೆ ಇಟ್ಟಳು. ಕೊನೆಗೆ ಕೇಳಿದಳು, “ಎಲ್ಲಾ ಕಡೆ ನನ್ನ ಹೆಸರೇ ಐತಿಲ್ರಿ ಬಣಕಾರ್ರ?” ನೀವು ನಕ್ಕು ಹೇಳಿದಿರಂತೆ, “ಐತಿ ತಾಯಿ. ಹತ್ತೊಂಬತ್ತು ಸಲ ಐತಿ. ರಾಣಿ ಪಟ್ಟಕ್ಕ ಕೂತ್ರೂ ಇಷ್ಟು ಸಲ ಹೆಸರ ಕೂಗಂಗಿಲ್ಲ.” ಆ ಹತ್ತೊಂಬತ್ತು ಕಾಳನ್ನು ಅವಳು ಮತ್ತೆ ಜೋಳದ ಚೀಲಕ್ಕೆ ಸೇರಿಸಲಿಲ್ಲ. ಒಂದು ಕುಂಕುಮದ ಭರಣಿಯಲ್ಲಿ ಹಾಕಿ ಮಗಳಿಗೆ ಕೊಟ್ಟಳು. ಅದು ಕೈಯಿಂದ ಕೈಗೆ ಬಂದು ಈಗ ನನ್ನ ಮುಂದಿದೆ. ಕಾಳು ಹತ್ತೊಂಬತ್ತೂ ಇವೆ.

ಇನ್ನು ಸದರಿಯ ಕತೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಸರ್ಕಾರ ಜನರ ಮನೆಯ ಕಾಗದಗಳನ್ನೆಲ್ಲ ತೆಗೆದುಕೊಂಡು, ಬದಲಿಗೆ ಒಂದೊಂದು ಅಂಕಿ ಕೊಟ್ಟಿತು. ಕಾಗದಗಳನ್ನು ಓದಿದ್ದು ಓದುಯಂತ್ರ. ಅದಕ್ಕೆ ಆಯಾಸವಿಲ್ಲ, ಅನುಮಾನವೂ ಇಲ್ಲ. ‘ಮೇಲೆ ಹೇಳಿದ’ ಎಂಬುದಕ್ಕೆ ನಿಮ್ಮವರು ಬಳಸುತ್ತಿದ್ದ ‘ಸದರಿ’ ಎಂಬ ಪದ ಆ ಹೊತ್ತಿಗೆ ಬಳಕೆಯಿಂದ ಹೋಗಿತ್ತು. ‘ಸದರಿಯವರು ಸದರಿ ಮನೆಯನ್ನು ಖರೀದಿಸಿ’ ಎಂದು ಬರೆದಿದ್ದನ್ನು ಯಂತ್ರ ಓದಿ, ಸದರಿ ಎಂಬವರು ಒಬ್ಬರಿದ್ದಾರೆ, ಅವರು ತಮ್ಮ ಮನೆಯನ್ನು ತಾವೇ ಕೊಂಡಿದ್ದಾರೆ ಎಂದು ಬರೆದುಕೊಂಡಿತು. ಹೀಗೆ ಒಂದೇ ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನ ಅರ್ಧ ಮನೆಗಳು ಸದರಿಯವರ ಪಾಲಾದವು. ಅಂಥ ಸಾಹುಕಾರ ಹಿಂದೆ ಹುಟ್ಟಿರಲಿಲ್ಲ. ಪ್ರತಿ ಓಣಿಯಲ್ಲೂ ಅವನಿಗೆ ಮನೆ, ಎಲ್ಲಿಯೂ ಅವನಿಗೆ ನೆರಳಿಲ್ಲ.

ತಪ್ಪು ತಿದ್ದಿರೆಂದು ಜನ ಹೋದಾಗ, ತಿದ್ದಲು ಮಾಲೀಕರ ಅರ್ಜಿ ಬೇಕು ಎಂದರು. ಮಾಲೀಕರು ಸದರಿ. ಹೋಗಲಿ, ಮೂಲ ಕಾಗದವನ್ನು ತೋರಿಸಿ, ಅದರಲ್ಲಿ ನಮ್ಮವರ ಹೆಸರಿದೆ ಎಂದರೆ, ಕಾಗದ ನೋಡಲು ಮಾಲೀಕರ ಒಪ್ಪಿಗೆ ಬೇಕು ಎಂದರು. ಕೊನೆಗೆ ಒಂದು ದಾರಿ ಮಾಡಿಕೊಟ್ಟರು: ಪ್ರತಿವರ್ಷ ಕಚೇರಿಗೆ ಹೋಗಿ, ಸದರಿಯವರು ಈ ವರ್ಷವೂ ಬಂದಿಲ್ಲವೆಂದು ಒಂದು ‘ಗೈರುಹಾಜರಿ ಪತ್ರ’ ಪಡೆದುಕೊಂಡರೆ ಮನೆಯನ್ನು ಅನುಭವಿಸಬಹುದು, ಬಾಡಿಗೆಗೂ ಕೊಡಬಹುದು, ಮಕ್ಕಳಿಗೂ ಬರೆದುಕೊಡಬಹುದು. ಅರವತ್ತು ವರ್ಷ ಹಾಗೇ ನಡೆಯಿತು. ಕಚೇರಿಯ ಬಾಗಿಲಲ್ಲಿ ಕೂಗುವ ಯಂತ್ರ ಮೂರು ಸಲ ‘ಸದರಿಯವರು ಇದ್ದಾರೆಯೇ’ ಎಂದು ಕೂಗುತ್ತದೆ. ಸಾಲಿನಲ್ಲಿ ನಿಂತವರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ಮೂರನೆಯ ಕೂಗು ಮುಗಿದ ಮೇಲೆ ಪತ್ರ ಕೈಗೆ ಬರುತ್ತದೆ. ನಾನೂ ನಲವತ್ತು ವರ್ಷ ಆ ಸಾಲಿನಲ್ಲಿ ನಿಂತು ನಕ್ಕಿದ್ದೇನೆ.

ಬಾಡಿಗೆಗೆ ಕೊಡುವುದೆಂದರೆ ಅಷ್ಟಕ್ಕೇ ಮುಗಿಯಲಿಲ್ಲ. ವರ್ಷಕ್ಕೊಮ್ಮೆ ಮನೆಹಾಜರಿ. ಮನೆ ಇನ್ನೂ ಬದುಕಿದೆ ಎಂದು ತೋರಿಸಲು ಗೋಡೆಯಿಂದ ಅಂಗೈಯಗಲದ ಒಂದು ತುಂಡು ಕೆತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಉಸಿರು ನಿಲ್ಲುವ ಮೊದಲು ಕಚೇರಿ ಮುಟ್ಟಿಸಬೇಕು. ಸಾಲು ಉದ್ದವಿದ್ದರೆ ತುಂಡು ಅಲ್ಲೇ ಸಾಯುತ್ತದೆ. ಮರುದಿನ ಇನ್ನೊಂದು ತುಂಡು. ಹಾಜರಿ ಹಾಕಿಸಿ ಹಾಕಿಸಿಯೇ ಬಿದ್ದುಹೋದ ಗೋಡೆಗಳಿವೆ. ಆ ಕಚೇರಿಯಲ್ಲಿ ಉಳಿದಿರುವ ಮನುಷ್ಯರೆಂದರೆ ಖೈರುನ್ನೀಸಾ ಒಬ್ಬಳೇ. ನನ್ನ ಗೋಡೆಯ ತುಂಡು ಸುಸ್ತಾದಂತೆ ಕಂಡರೆ ತನ್ನ ಬುತ್ತಿಯ ಗಂಜಿಯಲ್ಲಿ ಒಂದು ಗುಟುಕು ಅದಕ್ಕೆ ಕುಡಿಸುತ್ತಿದ್ದಳು. ಕಾಯಿದೆಯಲ್ಲಿ ಅವಳಿಗೆ ಅಷ್ಟೇ ಜಾಗವಿತ್ತು.

ಇಷ್ಟೆಲ್ಲ ಪಡಿಪಾಟಲು ಪಟ್ಟು ಮುಂದಿನ ಭಾಗವನ್ನು ನಾನು ಕೊಟ್ಟಿದ್ದು ಶಿವಪುತ್ರನಿಗೆ. ಬೀದಿಚಪ್ಪರದ ಬಳ್ಳಿ ಕಟ್ಟುವ ಕೆಲಸ ಅವನದು. ಹೆಂಡತಿ, ಎರಡು ಮಕ್ಕಳು. ನಮ್ಮಲ್ಲಿ ಬಾಡಿಗೆ ಎಂದರೆ ನೀರು. ಬಾಡಿಗೆದಾರ ತನ್ನ ಪಾಲಿಗೆ ಬಂದ ಒಳಹೊಳೆಯ ನೀರಿನಲ್ಲಿ ಒಂದು ಕೊಡವನ್ನು ಬೆಳಿಗ್ಗೆ ಮನೆಯೊಡತಿಯ ಹಂಡೆಗೆ ಸುರಿದು ಹೋಗಬೇಕು. ಹನ್ನೊಂದು ವರ್ಷ ಅವನು ಒಂದು ದಿನವೂ ತಪ್ಪಿಸಲಿಲ್ಲ. ಅವನ ಹೆಂಡತಿಯ ಎರಡನೆಯ ಬಾಣಂತನ ನನ್ನ ಖೋಲಿಯಲ್ಲೇ ಆಯಿತು. ಬಿಸಿಲಿಗೆ ಎಲ್ಲರೂ ಒಳಗೆ ಕೂರುವ ಹೊತ್ತಿನಲ್ಲಿ ನಾನು ಕತೆ ಹೇಳುತ್ತಿದ್ದೆ, ಅವನು ಹೂಂಗುಟ್ಟುತ್ತಿದ್ದ. ನಿಮ್ಮ ಕಾಲದಲ್ಲೂ ಈ ಪದ್ಧತಿ ಇತ್ತೆಂದು ಕೇಳಿದ್ದೇನೆ: ಹೂಂ ಅನ್ನುವವರಿಲ್ಲದೆ ಕತೆ ಹೇಳಬಾರದು, ಹೇಳಿದರೆ ಕತೆ ದಾರಿ ತಪ್ಪುತ್ತದೆ. ಶಿವಪುತ್ರನ ಹೂಂ ಬಹಳ ಚೆನ್ನಾಗಿತ್ತು. ಎಲ್ಲಿ ಎಳೆಯಬೇಕು, ಎಲ್ಲಿ ತುಂಡು ಮಾಡಬೇಕು ಎಂಬುದು ಅವನಿಗೆ ಗೊತ್ತಿತ್ತು. ನನಗೆ ಅಂಥ ಹೂಂ ಮಗಳಿಂದಲೂ ಸಿಕ್ಕಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವನಿಗೆ ಸದರಿಯ ಕತೆ ಹೇಳಿದೆ. ನೆರಳಿಲ್ಲದ ಸಾಹುಕಾರ, ಮೂರು ಕೂಗು, ಗೈರುಹಾಜರಿ ಪತ್ರ, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಅವನು ಕೇಳಿದ, “ಅಲ್ಲವ್ವಾ, ಮೂರನೇ ಕೂಗಿಗೆ ಆ ಸದರಿ ಖರೇನ ಬಂದು ನಿಂತ್ರ?” ನಾನು ಕತೆಯ ಹುರುಪಿನಲ್ಲಿದ್ದೆ. “ಬಂದು ನಿಂತ್ರ ಏನ್ ಮಾಡೋದು? ಮನಿ ಕೊಟ್ಟು ಎದ್ದು ಹೋಗೋದು” ಎಂದೆ. ಅವನು ಹೂಂ ಅನ್ನಲಿಲ್ಲ. ನಾನು ಅದನ್ನು ಗಮನಿಸಬೇಕಿತ್ತು.

ಹೋದ ಮಳೆಗಾಲ ಮುಗಿಯುತ್ತಲೇ ಮನೆಯನ್ನು ಮಗಳು ಕಲ್ಲವ್ವನಿಗೆ ದಾನಪತ್ರ ಮಾಡಿಕೊಡಬೇಕೆಂದು ಹೊರಟೆ. ನನಗೆ ಎಪ್ಪತ್ತೊಂದು ತುಂಬಿದೆ; ನಮ್ಮ ವಂಶದಲ್ಲಿ ಎಪ್ಪತ್ತೊಂದಕ್ಕೆ ತಾಯಿ ಮಗಳಿಗೆ ಭರಣಿಯನ್ನೂ ಮನೆಯನ್ನೂ ಒಟ್ಟಿಗೆ ಕೊಡುವುದು ರೂಢಿ. ಎರಡು ತಿಂಗಳು ಓಡಾಡಿ ವಂಶವೃಕ್ಷ, ಗೋಡೆಯ ಜೀವಪತ್ರ, ನೆರೆಯವರ ತಕರಾರಿಲ್ಲದ ಪತ್ರ, ನೆರೆಯವರೇ ನೆರೆಯವರು ಎಂಬುದಕ್ಕೆ ಇನ್ನೊಂದು ಪತ್ರ, ಎಲ್ಲ ಕೂಡಿಸಿದೆ. ನೋಂದಣಿಯ ದಿನ ಬೆಳಿಗ್ಗೆ ಎದ್ದಾಗ ಹಂಡೆ ಬರಿದಾಗಿತ್ತು. ಶಿವಪುತ್ರನಿಗೆ ಹುಷಾರಿಲ್ಲವೇನೋ ಎಂದುಕೊಂಡು ಅವನ ಬಾಗಿಲಿಗೆ ಒಂದು ಬಟ್ಟಲು ಗಂಜಿ ಇಟ್ಟು ಹೊರಟೆ. ಕಚೇರಿಯಲ್ಲಿ ಯಂತ್ರ ಕೂಗಿತು. ಒಂದನೆಯ ಕೂಗಿಗೆ ಜನ ನಕ್ಕರು. ಎರಡನೆಯದಕ್ಕೂ ನಕ್ಕರು. ಮೂರನೆಯದಕ್ಕೆ ಸಾಲಿನ ಹಿಂದಿನಿಂದ ಒಂದು ದನಿ “ಅದೀನಿ” ಎಂದಿತು. ದನಿ ಯಾರದೆಂದು ನನಗೆ ತಿರುಗಿ ನೋಡದೆಯೇ ತಿಳಿಯಿತು. ಹನ್ನೊಂದು ವರ್ಷ ಅದರ ಹೂಂ ಕೇಳಿದ್ದೆನಲ್ಲ.

ಅವನು ಹೆಸರು ಬದಲಾಯಿಸಿಕೊಂಡಿದ್ದ. ನಮ್ಮ ಕಚೇರಿಯಲ್ಲಿ ನಿಂತ ಕಾಲಿನಲ್ಲೇ ಆಗುವ ಕೆಲಸ ಅದೊಂದೇ. ಕಾಗದದಲ್ಲಿರುವ ಹೆಸರಿನವರು ಆ ಮನೆಯಲ್ಲೇ ಹತ್ತು ವರ್ಷ ವಾಸವಿದ್ದರೆ ಮನೆ ಅವರದು ಎಂಬುದು ಕಾಯಿದೆ. ಅವನಿಗೆ ಹೆಸರೂ ಇತ್ತು, ವಾಸವೂ ಇತ್ತು. ವಾಸಕ್ಕೆ ಸಾಕ್ಷಿ ನಾನೇ ವರ್ಷವರ್ಷವೂ ಸಹಿ ಮಾಡಿ ಕೊಟ್ಟ ಬಾಡಿಗೆಯ ಕರಾರು. ನಾನು ಭರಣಿ ತೆಗೆದು ಹತ್ತೊಂಬತ್ತು ಕಾಳನ್ನು ಖೈರುನ್ನೀಸಾಳ ಮುಂದೆ ಸುರಿದೆ. ಅವಳು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. “ಕಾಳು ಚಲೋ ಅದಾವವ್ವಾ. ಆದ್ರ ಪಟ್ಟಿಯೊಳಗ ಕಾಳಿಗೆ ಜಾಗ ಇಲ್ಲ” ಎಂದಳು. ಆಮೇಲೆ ದನಿ ತಗ್ಗಿಸಿ ಒಂದು ಉಪಾಯ ಹೇಳಿದಳು. ಇಷ್ಟು ವರ್ಷ ಸದರಿ ಇರಲಿಲ್ಲವೆಂದು ಕಾಗದ ನೋಡಲಾಗಲಿಲ್ಲ. ಈಗ ಸದರಿ ಬಂದಿದ್ದಾನೆ. ಅವನು ಒಪ್ಪಿದರೆ ಮೂಲ ಕಾಗದ ತೆಗೆಸಬಹುದು. ಅದರಲ್ಲಿ ಮಾಳವ್ವನ ಹೆಸರು ಹತ್ತೊಂಬತ್ತು ಸಲ ಇದ್ದರೆ, ಯಂತ್ರ ಎಲ್ಲೋ ಒಂದೆರಡು ಕಡೆ ತಪ್ಪು ಓದಿದೆ ಎಂದು ತೀರ್ಮಾನವಾಗುತ್ತದೆ.

ನನಗೆ ಹೋದ ಜೀವ ಬಂತು. ಶಿವಪುತ್ರ ನೆಲ ನೋಡುತ್ತಾ ಒಪ್ಪಿದ. ಅವನಿಗೂ ಆ ಕ್ಷಣ ಅಂಜಿಕೆಯಾಗಿತ್ತು ಎಂದು ನನ್ನ ಎಣಿಕೆ. ಮಾಳವ್ವನ ಕತೆಯನ್ನೂ ಅವನು ಕೇಳಿದ್ದ, ಅದಕ್ಕೂ ಹೂಂ ಅಂದಿದ್ದ. ಎರಡು ವಾರದ ಮೇಲೆ ಕಾಗದ ಬಂತು. ಅರವತ್ತು ವರ್ಷದ ಮೇಲೆ ನಮ್ಮ ಮನೆತನದವರೊಬ್ಬರು ಅದನ್ನು ಕಣ್ಣಿಂದ ನೋಡುತ್ತಿದ್ದರು. ಮೊದಲ ಹಾಳೆ ಛಾಪಾ ಕಾಗದ. ಅದರ ಬಣ್ಣದ ಬಳ್ಳಿ ಚಿತ್ತಾರದ ಮೇಲೆ ಬರೆದ ಅಕ್ಷರವೆಲ್ಲ ಕಲಸಿಹೋಗಿ ಬರೀ ಕಪ್ಪು ಚೌಕವಾಗಿ ನಿಂತಿತ್ತು. ಇರಲಿ, ಇನ್ನೂ ಹಾಳೆಗಳಿವೆ ಎಂದು ಎರಡನೆಯದಕ್ಕೆ ಬೆರಳಿಟ್ಟೆ. ಸದರಿಯವರು. ಮೂರನೆಯದು. ಸದರಿಯವರಿಗೆ, ಸದರಿಯವರಿಂದ, ಸದರಿಯವರ ಸ್ವಾಧೀನಕ್ಕೆ. ನಾಲ್ಕನೆಯದರ ಕೊನೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಅದರ ಗೆರೆಗಳ ನಡುವೆ ಸುಟ್ಟ ಗಾಯದ ಗುರುತು ಇತ್ತು, ಹೆಂಚಿನ ಮೇಲೆ ರೊಟ್ಟಿ ತಿರುವುವವರಿಗೆ ಆಗುವಂಥದು. ಪಕ್ಕದಲ್ಲಿ ಬರೆದಿತ್ತು: ಸದರಿಯವರ ಎಡಗೈ ಹೆಬ್ಬೆಟ್ಟು. ನಾನು ಒಂದೊಂದಕ್ಕೂ ಒಂದೊಂದು ಕಾಳು ಇಡುತ್ತಾ ಹೋದೆ. ಹದಿನೆಂಟು ಕಾಳು ಆಯಿತು. ಹತ್ತೊಂಬತ್ತನೆಯದು ಆ ಕಪ್ಪು ಚೌಕದೊಳಗಿದೆ. ಅಂದರೆ, ಬಣಕಾರರೇ, ಅವಳ ಹೆಸರನ್ನು ನೀವು ಬರೆದದ್ದು ಒಂದೇ ಸಲ. ಉಳಿದ ಹದಿನೆಂಟು ಸಲ ಬರೆದದ್ದು ‘ಸದರಿಯವರು’, ಓದಿ ಹೇಳಿದ್ದು ‘ಮಾಳವ್ವನವರು’.

ಏಕೆ ಹಾಗೆ ಮಾಡಿದಿರೆಂದು ಖೈರುನ್ನೀಸಾಳಿಗೆ ಗೊತ್ತಿತ್ತು. ಹಳೆಯ ಕಚೇರಿಗಳ ರೀತಿರಿವಾಜು ಅವಳ ಓದಿನ ವಿಷಯ. ನಿಮ್ಮ ಕಂಪ್ಯೂಟರಿನಲ್ಲಿ ಒಂದು ತಯಾರಾದ ಪತ್ರ ಇರುತ್ತಿತ್ತಂತೆ. ಮೊದಲ ಹಾಳೆಯಲ್ಲಿ ಹೆಸರು ಬದಲಿಸಿದರೆ ಸಾಕು, ಒಳಗೆಲ್ಲ ‘ಸದರಿಯವರ’ ಮೇಲೆ ಬಂಡಿ ಉರುಳುತ್ತದೆ. ದಿನಕ್ಕೆ ಹತ್ತು ಜನರ ಪತ್ರ ಮಾಡುವವರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅದಕ್ಕಾಗಿ ನಾನು ನಿಮ್ಮನ್ನು ಬಯ್ಯುವುದಿಲ್ಲ. ಆದರೆ ಅವಳು ಓದಿರೆಂದಾಗ ಇದ್ದದ್ದನ್ನು ಏಕೆ ಓದಲಿಲ್ಲ? ಅವಳ ಮುಖದಲ್ಲಿ ಹೆಸರು ಕೇಳಿದಾಗಲೆಲ್ಲ ಏನೋ ಕಂಡಿರಬೇಕು. ಕಾಳು ಇಡುವುದನ್ನು ನೋಡಿ ನಿಮಗೆ ನಗು ಬಂದಿರಬೇಕು, ಕನಿಕರವೂ ಬಂದಿರಬೇಕು. ಪಾಪ, ಖುಷಿಪಡಲಿ ಎಂದು ಬಾಯಲ್ಲಿ ಹೆಸರು ಹಾಕಿ ಓದಿದಿರಿ. ನಾನೂ ಕತೆ ಹೇಳುವವಳು, ಕೇಳುವವರ ಮುಖ ಅರಳಲಿ ಎಂದು ಇಲ್ಲದ್ದನ್ನು ಸೇರಿಸುವ ಆಸೆ ನನಗೂ ಗೊತ್ತು. ಆದರೆ ನಾನು ಕತೆ ಎಂದು ಹೇಳಿಯೇ ಹೇಳುತ್ತೇನೆ. ಶಿವಪುತ್ರ ನನ್ನ ಕತೆ ಕೇಳಿ ನನಗೆ ಮೋಸ ಮಾಡಿದ. ನೀವು ಅವಳಿಗೆ ಕತೆ ಹೇಳಿ ಮೋಸ ಮಾಡಿದಿರಿ. ಅವನ ಮೋಸಕ್ಕೆ ಒಂದು ಮನೆಯ ಆಸೆಯಾದರೂ ಇತ್ತು. ನಿಮ್ಮದಕ್ಕೆ ಏನಿತ್ತು ಎಂದು ನಾನು ಎರಡು ತಿಂಗಳಿನಿಂದ ಹುಡುಕುತ್ತಿದ್ದೇನೆ.

ಕಲ್ಲವ್ವ ನನ್ನೊಡನೆ ಮಾತು ಬಿಟ್ಟಿದ್ದಳು. ನಿನ್ನೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಾ ಒಂದೇ ಮಾತು ಅಂದಳು: “ಯವ್ವಾ, ಮಂದಿ ಮನಿ ಮಾರಿ ಕಳಕೋತಾರ. ನೀ ಕತಿ ಹೇಳಿ ಕಳಕೊಂಡಿ.” ಹೊತ್ತು ಏರುವ ಮೊದಲು ಶಿವಪುತ್ರ ಬಂದ. ಕೊಡ ಹಿಡಿದು ಬಂದಿರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಹಳೆಯ ಮರ್ಯಾದೆಯಲ್ಲೇ ಮಾತಾಡಿದ. “ಎಲ್ಲಿಗೂ ಹೋಗಬ್ಯಾಡ್ರಿ ಅವ್ವಾ. ಹಿಂದಿನ ಖೋಲಿ ನಿಮಗ ಬಾಡಿಗಿ ಕೊಡ್ತೀನಿ. ದಿನಾ ಒಂದು ಕೊಡ ನೀರು ಹಾಕಿದ್ರ ಸಾಕು. ಮೊದಲಿನಂಗ ಕತಿ ಹೇಳ್ರಿ, ನಾ ಹೂಂ ಅಂತೀನಿ.” ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವನು ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ನನಗೆ ಸಂಕಟವಾದದ್ದು ಅದಕ್ಕೇ. ಆ ಹೊತ್ತಿನಿಂದ ಕತೆ ಹೇಳುವುದನ್ನು ಬಿಟ್ಟಿದ್ದೇನೆ. ಇದೊಂದನ್ನು ಬರೆಯುತ್ತಿದ್ದೇನೆ, ಇದಕ್ಕೆ ಹೂಂ ಅನ್ನುವವರು ನೀವೊಬ್ಬರೇ.

ಹಿಂದಂಚೆಯವರು ಕೊಟ್ಟ ಭರವಸೆ ನಿಜವಾದರೆ, ಈ ಪತ್ರ ನಿಮ್ಮ ಕೈಗೆ ಬಂದ ದಿನ ಮಾಳವ್ವ ನಿಮ್ಮ ಮೇಜಿಗೆ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಬರುತ್ತಾಳೆ. ಕೈಗೆ ಹಿಟ್ಟಿನ ವಾಸನೆ ಇರುತ್ತದೆ, ಎಡಗೈ ಹೆಬ್ಬೆಟ್ಟಿಗೆ ಸುಟ್ಟ ಗಾಯ ಇರುತ್ತದೆ, ಸೆರಗಿನ ತುದಿಯಲ್ಲಿ ಗಂಟು ಇರುತ್ತದೆ. ಹತ್ತೊಂಬತ್ತು ಕಡೆಯೂ ಅವಳ ಹೆಸರನ್ನೇ ಬರೆಯಿರಿ ಎಂದು ನಾನು ಕೇಳಿಕೊಳ್ಳಬಹುದು. ಸಾಲು ಉದ್ದವಿರುತ್ತದೆ, ಬಿಸಿಲಿರುತ್ತದೆ, ಮುಂದಿನವರು ಅವಸರ ಮಾಡುತ್ತಾರೆ, ನೀವು ಮಾಡಲಾರಿರಿ. ಆದ್ದರಿಂದ ಅದಕ್ಕಿಂತ ಸಣ್ಣದೊಂದನ್ನು ಕೇಳುತ್ತೇನೆ. ಸದರಿಯವರು ಎಂದೇ ಬರೆಯಿರಿ, ಆದರೆ ಸದರಿಯವರು ಎಂದೇ ಓದಿರಿ. ಮೇಜಿನ ಮೇಲೆ ಒಂದು ಕಾಳು ಬಿದ್ದ ಮೇಲೆ ಎರಡನೆಯದು ಬೀಳುವುದಿಲ್ಲ. ಅವಳ ಕೈ ಗಂಟಿನ ಮೇಲೆಯೇ ನಿಲ್ಲುತ್ತದೆ. ಮೂರು ಮನೆಗಳಿಂದ ಎದ್ದು ಬಂದ ಹೆಂಗಸು ಅವಳು, ಸುಮ್ಮನೆ ಕೂರುವುದಿಲ್ಲ. ಈ ಸದರಿ ಯಾರು, ನನ್ನ ಮನೆಯಲ್ಲಿ ಅವನಿಗೇನು ಕೆಲಸ ಎಂದು ಕೇಳುತ್ತಾಳೆ. ಆಮೇಲಿನದನ್ನು ಅವಳೇ ನೋಡಿಕೊಳ್ಳುತ್ತಾಳೆ.

ಈ ಪತ್ರದ ನಮೂನೆಯ ಕೆಳಗೆ ‘ಸದರಿಯವರ ಸಹಿ’ ಎಂದು ಅಚ್ಚಾಗಿದೆ. ಯಾವ ಹಳೆಯ ಕಾಗದ ನೋಡಿ ಯಂತ್ರ ಇದನ್ನು ಕಲಿಯಿತೋ ತಿಳಿಯದು. ಅಚ್ಚಾದದ್ದನ್ನು ಹೊಡೆದುಹಾಕಿದ ಪತ್ರ ಮುಂದೆ ಹೋಗದೆ ಉಳಿಯಬಹುದು ಎಂದು ಪಕ್ಕದಲ್ಲೇ ಸೂಚನೆಯೂ ಇದೆ. ನಾನು ಸೂಚನೆಯನ್ನು ಎರಡು ಸಲ ಓದಿದೆ. ಆಮೇಲೆ ಆ ಪದದ ಮೇಲೆ ಗೀಟು ಎಳೆದೆ.

ಬಾಳವ್ವ
ಕಲ್ಲವ್ವನ ತಾಯಿ, ಮಾಳವ್ವನ ಏಳನೆಯ ತಲೆಮಾರು